ಟಿಕೆಟ್ ಕ್ಲೋಸ್ ಆಯ್ತು, ಸಾಕೆಟ್ ಆಗಲಿಲ್ಲ: ಒಂದು ಹಳೆಯ ಲೀಕ್‌ನ ಇತಿಹಾಸ

ಈ ವಾರದ ವಿಡಿಯೋದ ಬರಹ ರೂಪ ಇದು. ವಿಡಿಯೋದಲ್ಲಿ ಜಾಗ ಸಾಲದ ಕೆಲವು ಇಸವಿ, ಅಂಕಿಗಳನ್ನ ಇಲ್ಲಿ ಸೇರಿಸಿದ್ದೀನಿ. ಮೆಟ್ರೋದಲ್ಲೋ ಕಂಪನಿ ಬಸ್ಸಿನಲ್ಲೋ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆಲ್ಲ ಒಂದು ಎರರ್ ಸಾಲು ಚೆನ್ನಾಗಿ ಗೊತ್ತು: "ಟೂ ಮೆನಿ ಓಪನ್ ಫೈಲ್ಸ್". ಸರ್ವರ್ ಮೂರು ವಾರ ತಕರಾರಿಲ್ಲದೆ ಓಡಿರುತ್ತೆ. ಲೋಡ್ ಹೆಚ್ಚಾಗಿಲ್ಲ, ಕೋಡ್ ಬದಲಾಗಿಲ್ಲ. ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಹೊಸ ಕನೆಕ್ಷನ್ ತಗೊಳ್ಳೋದನ್ನೇ ನಿಲ್ಲಿಸಿಬಿಡುತ್ತೆ. ಆನ್-ಕಾಲ್‌ನಲ್ಲಿ ಇದ್ದವರು ರೀಸ್ಟಾರ್ಟ್ ಮಾಡ್ತಾರೆ, ಎಲ್ಲ ಸರಿಹೋಗುತ್ತೆ, ಟಿಕೆಟ್ ಕ್ಲೋಸ್ ಆಗುತ್ತೆ. ಸಾಕೆಟ್ ಮಾತ್ರ ಕ್ಲೋಸ್ ಆಗಿರಲ್ಲ. ಇನ್ನು ಮೂರು ವಾರಕ್ಕೆ ಅದೇ ಕತೆ ಮತ್ತೆ ಶುರು.

ಫೈಲನ್ನೇ ಮುಟ್ಟದ ನೆಟ್‌ವರ್ಕ್ ಪ್ರೋಗ್ರಾಂ "ಫೈಲ್ ಜಾಸ್ತಿ ಆಯ್ತು" ಅಂತ ಯಾಕೆ ಗೋಳಾಡುತ್ತೆ? ಇಷ್ಟೆಲ್ಲ ಬುದ್ಧಿ ಇರುವ ಕರ್ನಲ್ಲು ಬಳಸದ ಸಾಕೆಟ್ಟನ್ನ ತಾನೇ ಯಾಕೆ ಮುಚ್ಚಲ್ಲ? ಈ ಎರಡು ಪ್ರಶ್ನೆಗೂ ಉತ್ತರ ಸಿಗೋದು ಕೋಡ್‌ನಲ್ಲಿ ಅಲ್ಲ, ಇತಿಹಾಸದಲ್ಲಿ. ಆ ಇತಿಹಾಸ ಗೊತ್ತಿದ್ದರೆ ಲೀಕ್ ಹುಡುಕೋದು ಅರ್ಧ ಸುಲಭ.

ಇಪ್ಪತ್ತು ಫೈಲಿನ ಕಾಲ

1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಯೂನಿಕ್ಸ್‌ನ ಏಳನೇ ಆವೃತ್ತಿ ಬಂತು. ಅದರಲ್ಲಿ ಒಂದು ಪ್ರೋಗ್ರಾಂ ಒಂದೇ ಸಲಕ್ಕೆ ತೆರೆದು ಇಟ್ಟುಕೊಳ್ಳಬಹುದಾಗಿದ್ದ ಫೈಲುಗಳು ಬರೀ 20. ತೆರೆದ ಪ್ರತಿ ಫೈಲಿಗೂ ಕರ್ನಲ್ ಒಂದು ಚಿಕ್ಕ ನಂಬರ್ ಕೊಡುತ್ತಿತ್ತು. ಅದೇ ಫೈಲ್ ಡಿಸ್ಕ್ರಿಪ್ಟರ್. ಪಾದರಕ್ಷೆ ಬಿಡೋ ಕಡೆ ಟೋಕನ್ ಕೊಡ್ತಾರಲ್ಲ, ಹಾಗೇ. ಟೋಕನ್ ವಾಪಸ್ ಕೊಟ್ಟರೆ ಮುಂದಿನವರಿಗೆ ಸಿಗುತ್ತೆ, ಕೊಡದೆ ಜೇಬಲ್ಲಿ ಇಟ್ಕೊಂಡು ಹೋದರೆ ಇಲ್ಲ. ಅವತ್ತಿನ ಪ್ರೋಗ್ರಾಂಗಳು ಕೆಲಸ ಮುಗಿಸಿ ಬೇಗ ಸಾಯುತ್ತಿದ್ದವು. ಸತ್ತ ಕೂಡಲೇ ಅವುಗಳ ಎಲ್ಲ ಟೋಕನ್ನನ್ನೂ ಕರ್ನಲ್ ಕಿತ್ತುಕೊಳ್ಳುತ್ತಿತ್ತು. ಹಾಗಾಗಿ ಮುಚ್ಚದೆ ಬಿಟ್ಟರೂ ಯಾರಿಗೂ ತೊಂದರೆ ಕಾಣಿಸುತ್ತಿರಲಿಲ್ಲ.

ಅತ್ತ ಕಡೆ ನೆಟ್‌ವರ್ಕ್ ಬೆಳೆಯುತ್ತಿತ್ತು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದ ಟಿಸಿಪಿ, ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 793 ಆಗಿ ಸೆಪ್ಟೆಂಬರ್ 1981ರಲ್ಲಿ ಬಂತು. 1983ರ ಜನವರಿ 1ಕ್ಕೆ ಅರ್ಪಾನೆಟ್ ಹಳೇ ಪ್ರೋಟೋಕಾಲ್ ಬಿಟ್ಟು ಟಿಸಿಪಿಗೆ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು 4.2 ಬಿಎಸ್‌ಡಿ ಬಿಡುಗಡೆ ಮಾಡಿದರು. ನಾವು ಇವತ್ತೂ ಬಳಸೋ ಸಾಕೆಟ್ ಎಪಿಐ ಬಂದದ್ದು ಅದರಲ್ಲಿ.

ಬರ್ಕ್ಲಿಯವರು ಒಂದು ಜಾಣ ತೀರ್ಮಾನ ಮಾಡಿದರು: ಸಾಕೆಟ್ ಕೂಡ ಒಂದು ಫೈಲ್ ಡಿಸ್ಕ್ರಿಪ್ಟರ್. ಫೈಲಿಗೆ ಬಳಸೋ ರೀಡ್, ರೈಟ್, ಕ್ಲೋಸ್ ಇದಕ್ಕೂ ನಡೆಯುತ್ತೆ. ಪ್ರೋಗ್ರಾಮರ್‌ಗೆ ಇದು ದೊಡ್ಡ ಅನುಕೂಲ. ಆದರೆ ಅನುಕೂಲದ ಜೊತೆಗೇ ಒಂದು ಸಾಲವೂ ಬಂತು. ನೆಟ್‌ವರ್ಕ್ ಕನೆಕ್ಷನ್ನು ಇಪ್ಪತ್ತು ಟೋಕನ್ನಿನ ಆ ಹಳೇ ಪೆಟ್ಟಿಗೆಯೊಳಗೇ ಹೋಗಿ ಕೂತಿತು. "ಟೂ ಮೆನಿ ಓಪನ್ ಫೈಲ್ಸ್" ಅನ್ನೋ ಎರರ್ ಸಾಕೆಟ್ಟಿಗೂ ಬರೋದು ಅದಕ್ಕೇ. ಇನ್ನೊಂದು ವಿಷಯ ಗಮನಿಸಿ. ಸಾಕೆಟ್ ಬಂದಮೇಲೆ ಪ್ರೋಗ್ರಾಂಗಳು ಬೇಗ ಸಾಯೋದು ನಿಂತುಹೋಯ್ತು. ಸರ್ವರ್ ಅಂದರೇನೇ ಸಾಯದ ಪ್ರೋಗ್ರಾಂ. ಸತ್ತಾಗ ಕರ್ನಲ್ ಮಾಡುತ್ತಿದ್ದ ಕ್ಲೀನಿಂಗ್ ಇದಕ್ಕೆ ಸಿಗೋದೇ ಇಲ್ಲ.

ಅಮ್ಮನ ಫೋನ್ ಮತ್ತು ಕ್ಲೋಸ್-ವೇಟ್

ಆರ್‌ಎಫ್‌ಸಿ 793 ಒಂದು ಕನೆಕ್ಷನ್‌ಗೆ ಒಟ್ಟು 11 ಸ್ಥಿತಿಗಳನ್ನ ಹೇಳುತ್ತೆ. ನಮಗೆ ಇವತ್ತು ಮುಖ್ಯವಾದವು ನಾಲ್ಕು: ಎಸ್ಟಾಬ್ಲಿಷ್ಡ್, ಫಿನ್-ವೇಟ್-2, ಟೈಮ್-ವೇಟ್ ಮತ್ತು ಕ್ಲೋಸ್-ವೇಟ್.

ಟಿಸಿಪಿ ಕನೆಕ್ಷನ್ ಒಂದು ಪೈಪ್ ಅಲ್ಲ, ಎರಡು ಪೈಪ್. ಒಂದು ಹೋಗೋದಕ್ಕೆ, ಇನ್ನೊಂದು ಬರೋದಕ್ಕೆ. ಊರಿಂದ ಅಮ್ಮ ಫೋನ್ ಮಾಡ್ತಾರೆ ಅಂದ್ಕೊಳ್ಳಿ. ಕೊನೆಗೆ "ಸರಿ ಕಣಪ್ಪ, ನಂದು ಹೇಳೋದು ಮುಗೀತು, ನೀನೇನಾದ್ರೂ ಹೇಳೋದಿದ್ರೆ ಹೇಳು" ಅಂತಾರೆ. ಅವರು ಫೋನ್ ಇಟ್ಟಿಲ್ಲ, ಕೇಳಿಸ್ಕೊಳ್ತಾ ಇದ್ದಾರೆ. ಇದೇ ಫಿನ್ ಪ್ಯಾಕೆಟ್. ಈಗ ಅಮ್ಮನ ಕಡೆ ಸ್ಥಿತಿ ಫಿನ್-ವೇಟ್, ನಿಮ್ಮ ಕಡೆ ಸ್ಥಿತಿ ಕ್ಲೋಸ್-ವೇಟ್. ನೀವು "ಇಡ್ತೀನಮ್ಮ" ಅಂದರಷ್ಟೇ ಮಾತು ಮುಗಿಯೋದು.

ನೀವು ಫೋನನ್ನ ಮೇಜಿನ ಮೇಲಿಟ್ಟು ಬೇರೆ ಕೆಲಸಕ್ಕೆ ಹೋದರೆ? ಆರ್‌ಎಫ್‌ಸಿ ಪ್ರಕಾರ ಕ್ಲೋಸ್-ವೇಟ್‌ಗೆ ಟೈಮರೇ ಇಲ್ಲ. ಒಂದು ನಿಮಿಷ ಆಗಲಿ, ಒಂದು ವರ್ಷ ಆಗಲಿ, ಅದು ಹಾಗೇ ಇರುತ್ತೆ. ಇದು ಮರೆವಿನಿಂದ ಆದದ್ದಲ್ಲ. ನಿಮ್ಮ ಪ್ರೋಗ್ರಾಂ ಇನ್ನೂ ಕಳಿಸಬೇಕಾದ ಡೇಟಾ ಲೆಕ್ಕ ಹಾಕುತ್ತಿರಬಹುದು. ಅದು ಮುಗೀತೋ ಇಲ್ಲವೋ ಅನ್ನೋದು ಕರ್ನಲ್‌ಗೆ ಗೊತ್ತಾಗೋಕೆ ಸಾಧ್ಯವೇ ಇಲ್ಲ. ಹಾಗಾಗಿ ಆ ಕಾಲದ ಎಂಜಿನಿಯರ್‌ಗಳು ಒಂದು ಗೆರೆ ಎಳೆದರು: ಮುಚ್ಚೋ ನಿರ್ಧಾರ ಪ್ರೋಗ್ರಾಂನದ್ದು, ಕರ್ನಲ್‌ನದ್ದಲ್ಲ. 2022ರಲ್ಲಿ ಆರ್‌ಎಫ್‌ಸಿ 793ರ ಜಾಗಕ್ಕೆ ಆರ್‌ಎಫ್‌ಸಿ 9293 ಬಂತು. ಆ ಗೆರೆ ಮಾತ್ರ ಇದ್ದಲ್ಲೇ ಇದೆ.

ಡಯಾಗ್ನೋಸಿಸ್‌ನ ಮೊದಲ ಪಾಠ ಇಲ್ಲೇ ಇದೆ. ಟೈಮ್-ವೇಟ್ ಸಾವಿರಾರು ಕಂಡರೆ ಗಾಬರಿ ಬೇಡ. ಅದು ತಾನೇ ಹೋಗುತ್ತೆ. ಲಿನಕ್ಸ್‌ನಲ್ಲಿ 60 ಸೆಕೆಂಡ್ ಅಷ್ಟೇ. ಅದಕ್ಕೆ ಡಿಸ್ಕ್ರಿಪ್ಟರ್ ಕೂಡ ಬೇಕಿಲ್ಲ. ಆದರೆ ಕ್ಲೋಸ್-ವೇಟ್ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ನೆಟ್‌ವರ್ಕ್ ಟೀಮಿಗೆ ಮೇಲ್ ಹಾಕಬೇಡಿ. ಎದುರಿನವರು ಮುಗಿಸಿ ಆಯ್ತು, ನಿಮ್ಮ ಕೋಡ್ ಮುಗಿಸಿಲ್ಲ ಅಂತ ಕರ್ನಲ್ ಬರೆದುಕೊಟ್ಟ ಸರ್ಟಿಫಿಕೇಟ್ ಅದು.

ನೋಡೋ ಕಣ್ಣು ಬಂದದ್ದು

ಲೀಕ್ ಇದೆ ಅಂತ ಗೊತ್ತಾಗಬೇಕಾದರೆ ಮೊದಲು ಕಾಣಿಸಬೇಕು. ನೆಟ್‌ಸ್ಟಾಟ್ ಕಮಾಂಡ್ 4.2 ಬಿಎಸ್‌ಡಿ ಜೊತೆಗೇ ಬಂತು. ಆದರೆ ಯಾವ ಕನೆಕ್ಷನ್ ಯಾವ ಪ್ರೋಗ್ರಾಂನ ಕೈಯಲ್ಲಿದೆ ಅನ್ನೋದನ್ನ ಅದು ಹೇಳುತ್ತಿರಲಿಲ್ಲ. 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್, ಓಡುತ್ತಿರೋ ಪ್ರೋಗ್ರಾಂಗಳನ್ನೇ ಫೈಲುಗಳ ಹಾಗೆ ತೋರಿಸೋ ಪ್ರಾಕ್ ಫೈಲ್‌ಸಿಸ್ಟಂನ ಕಲ್ಪನೆ ತಂದರು. ಲಿನಕ್ಸ್ ಅದನ್ನ ತಗೊಂಡು ಇನ್ನೂ ಬೆಳೆಸಿತು. ಪರ್ಡ್ಯೂ ವಿಶ್ವವಿದ್ಯಾಲಯದ ವಿಕ್ಟರ್ ಏಬೆಲ್ ಬರೆದ ಎಲ್‌ಸಾಫ್ ಬಂದಮೇಲೆ ಯಾರ ಜೇಬಲ್ಲಿ ಎಷ್ಟು ಟೋಕನ್ ಇದೆ ಅನ್ನೋದು ಒಂದೇ ಕಮಾಂಡಿನಲ್ಲಿ ಕಂಡಿತು. ಕನೆಕ್ಷನ್‌ಗಳು ಸಾವಿರದ ಲೆಕ್ಕಕ್ಕೆ ಹೋದಾಗ ನೆಟ್‌ಸ್ಟಾಟ್ ಏದುಸಿರು ಬಿಡಲು ಶುರು ಮಾಡಿತು. ಆಗ ಅಲೆಕ್ಸೀ ಕುಜ್ನೆತ್ಸೋವ್ ಅವರ ಎಸ್‌ಎಸ್ ಬಂತು. ಅದು ಕರ್ನಲ್‌ನ ಜೊತೆ ನೇರವಾಗಿ ಮಾತಾಡಿ ಪಟ್ಟಿ ತರುತ್ತೆ.

ಈ ಉಪಕರಣಗಳು ಒಂದಕ್ಕೊಂದು ಬದಲಿ ಅಲ್ಲ, ಒಂದರ ಕುರುಡನ್ನ ಇನ್ನೊಂದು ತುಂಬುತ್ತೆ. ಉದಾಹರಣೆಗೆ, ಸಾಕೆಟ್ ಸೃಷ್ಟಿ ಮಾಡಿ, ಕನೆಕ್ಟ್ ಮಾಡೋ ಮೊದಲೇ ಎರರ್ ಬಂದು, ಕೋಡ್ ಹಾಗೇ ವಾಪಸ್ ಹೋದರೆ? ಆ ಸಾಕೆಟ್‌ಗೆ ಟಿಸಿಪಿ ವಿಳಾಸವೇ ಇರಲ್ಲ, ಹಾಗಾಗಿ ನೆಟ್‌ಸ್ಟಾಟ್ ಪಟ್ಟಿಯಲ್ಲಿ ಕಾಣಲ್ಲ. ಎಲ್‌ಸಾಫ್‌ನ ಹಳೇ ಆವೃತ್ತಿಗಳು ಅಂಥದ್ದರ ಮುಂದೆ "ಕಾಂಟ್ ಐಡೆಂಟಿಫೈ ಪ್ರೋಟೋಕಾಲ್" ಅಂತ ಬರೆಯುತ್ತಿದ್ದವು. ಇಂಥ ಸಾಲುಗಳು ನೂರಾರು ಕಂಡರೆ ತಪ್ಪು ನಿಮ್ಮ ಎರರ್ ದಾರಿಯಲ್ಲಿದೆ ಅಂತ ಲೆಕ್ಕ.

ರಿಪೇರಿಯೇ ತೊಂದರೆ ಆದಾಗ

1999ರಲ್ಲಿ ಡ್ಯಾನ್ ಕೆಗಲ್ "ಸಿ10ಕೆ" ಅನ್ನೋ ಸವಾಲನ್ನ ಮುಂದಿಟ್ಟರು: ಒಂದು ಸರ್ವರ್ ಒಟ್ಟಿಗೆ ಹತ್ತು ಸಾವಿರ ಕ್ಲೈಂಟ್‌ಗಳನ್ನ ಯಾಕೆ ನಿಭಾಯಿಸಬಾರದು? ಆಗ ಇದ್ದ ಸೆಲೆಕ್ಟ್ ಕಾಲ್‌ಗೆ ಲಿನಕ್ಸ್‌ನಲ್ಲಿ 1024 ಡಿಸ್ಕ್ರಿಪ್ಟರ್‌ನ ಗಡಿ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿಗೆ ಕೆಕ್ಯೂ, 2002ರಲ್ಲಿ ಲಿನಕ್ಸ್‌ನ ಡೆವಲಪ್‌ಮೆಂಟ್ ಕರ್ನಲ್‌ಗೆ ಈಪೋಲ್ ಬಂತು. ಗಡಿಗಳು ಒಡೆದವು. 2018ರ ಡಿಸೆಂಬರ್‌ನಲ್ಲಿ ಸಿಸ್ಟಮ್‌ಡಿ 240 ಬಂದಾಗ ಹಾರ್ಡ್ ಲಿಮಿಟ್ 5,24,288ಕ್ಕೆ ಏರಿತು. ಸೆಲೆಕ್ಟ್ ಬಳಸೋ ಹಳೇ ಪ್ರೋಗ್ರಾಂಗಳು ಕೆಡದಿರಲಿ ಅಂತ ಸಾಫ್ಟ್ ಲಿಮಿಟ್ ಮಾತ್ರ 1024ರಲ್ಲೇ ಉಳಿಯಿತು.

ಈಗ ಒಂದು ಲೆಕ್ಕ ಹಾಕೋಣ. ನಿಮ್ಮ ಪ್ರೋಗ್ರಾಂ ನಿಮಿಷಕ್ಕೆ ಒಂದೇ ಒಂದು ಸಾಕೆಟ್ ಸೋರಿಸುತ್ತೆ ಅಂದ್ಕೊಳ್ಳಿ. ಲಿಮಿಟ್ 1024 ಇದ್ದರೆ 17 ಗಂಟೆಯಲ್ಲಿ ಬೀಳುತ್ತೆ. ಅಂದರೆ ಟೆಸ್ಟಿಂಗ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. 65,536 ಇದ್ದರೆ 45 ದಿನ. 5,24,288 ಇದ್ದರೆ 364 ದಿನ! ಅಷ್ಟರಲ್ಲಿ ಅಪ್ರೈಸಲ್ ಮುಗಿದು, ಕೋಡ್ ಬರೆದವರು ಬೇರೆ ಕಂಪನಿಯಲ್ಲಿ ಇರ್ತಾರೆ. ಲಿಮಿಟ್ ಏರಿಸೋದು ಲೀಕನ್ನ ನಿಲ್ಲಿಸಲ್ಲ, ಅದರ ಬಿಲ್ಲನ್ನ ಇನ್ನೊಬ್ಬರ ಹೆಸರಿಗೆ ಬರೆಯುತ್ತೆ.

ಇನ್ನೊಂದು ಮುಸುಕು ಇದೆ: ಡೆಪ್ಲಾಯ್‌ಮೆಂಟ್. ವಾರಕ್ಕೊಂದು ರಿಲೀಸ್ ಆದರೆ ವಾರಕ್ಕೊಂದು ರೀಸ್ಟಾರ್ಟ್ ಆದಂತೆ. ಸೋರಿದ್ದೆಲ್ಲ ತೊಳೆದು ಹೋಗುತ್ತೆ. ದೀಪಾವಳಿಗೋ ವರ್ಷದ ಕೊನೆಗೋ ಕೋಡ್ ಫ್ರೀಜ್ ಮಾಡ್ತಾರೆ ನೋಡಿ, ಆಗ ರೀಸ್ಟಾರ್ಟ್ ಇಲ್ಲ. ಏನೂ ಬದಲಿಸದೇ ಇದ್ದಾಗಲೇ ಸರ್ವರ್ ಬೀಳೋದಕ್ಕೆ ಇದು ಕಾರಣ. ಸರಿಯಾಗಿ ರಜೆಗೆ ಊರಿಗೆ ಹೊರಟಾಗಲೇ ಫೋನ್ ಬರೋದು ಹಣೆಬರಹ ಅಲ್ಲ.

ಬಿದ್ದಾಗ ಹೇಗೆ ಬೀಳುತ್ತೆ ಅನ್ನೋದೂ ವಿಚಿತ್ರ. ಡಿಸ್ಕ್ರಿಪ್ಟರ್ ಖಾಲಿಯಾದಮೇಲೆ ಆಕ್ಸೆಪ್ಟ್ ಕಾಲ್ ಸೋಲುತ್ತೆ, ಆದರೆ ಬಂದ ಕನೆಕ್ಷನ್ ಕ್ಯೂನಲ್ಲೇ ನಿಂತಿರುತ್ತೆ. ಈಪೋಲ್ "ಯಾರೋ ಬಾಗಿಲಲ್ಲಿದ್ದಾರೆ" ಅಂತ ಮತ್ತೆ ಎಬ್ಬಿಸುತ್ತೆ, ಮತ್ತೆ ಸೋಲು. ಈ ಸುತ್ತಿನಲ್ಲೇ ಸಿಪಿಯು 100% ತಲುಪುತ್ತೆ. ನೋಡೋರಿಗೆ ಇದು ಲೋಡ್ ಸಮಸ್ಯೆ ಅನ್ನಿಸುತ್ತೆ. ಲಿಬ್‌ಇವಿ ಲೈಬ್ರರಿಯ ಕೈಪಿಡಿಯಲ್ಲಿ ಇದಕ್ಕೊಂದು ಉಪಾಯ ಇದೆ: ಮೊದಲೇ ಒಂದು ಡಿಸ್ಕ್ರಿಪ್ಟರನ್ನ ಸುಮ್ಮನೆ ಹಿಡಿದಿಟ್ಟುಕೊಂಡಿರೋದು, ಕಷ್ಟ ಬಂದಾಗ ಅದನ್ನ ಬಿಟ್ಟು, ಬಂದವರನ್ನ ಒಳಗೆ ಕರೆದು, ಮರ್ಯಾದೆಯಿಂದ ಕಳಿಸಿ, ಮತ್ತೆ ಹಿಡಿದುಕೊಳ್ಳೋದು.

ಒಂದು ಏರ್‌ಲೈನ್, ಒಂದು ಫೈನಲಿ ಬ್ಲಾಕ್

ಮೈಕೆಲ್ ನೈಗಾರ್ಡ್ ಅವರ "ರಿಲೀಸ್ ಇಟ್!" ಪುಸ್ತಕ 2007ರಲ್ಲಿ ಬಂತು. ಅದರಲ್ಲಿ ಹೆಸರು ಹೇಳದ ಒಂದು ಏರ್‌ಲೈನ್‌ನ ಪ್ರಸಂಗ ಇದೆ. ರಾತ್ರಿ ಡೇಟಾಬೇಸ್‌ನ ಫೇಲ್‌ಓವರ್ ಮಾಡ್ತಾರೆ. ಅದು ಮೊದಲೇ ಗೊತ್ತುಮಾಡಿದ ಕೆಲಸ, ಸಲೀಸಾಗಿ ಮುಗಿಯುತ್ತೆ. ಕೆಲವು ಗಂಟೆ ಬಿಟ್ಟು ವಿಮಾನ ನಿಲ್ದಾಣಗಳ ಚೆಕ್-ಇನ್ ಯಂತ್ರಗಳು ಒಟ್ಟಿಗೇ ನಿಂತುಹೋಗುತ್ತವೆ. ಸರ್ವರ್‌ಗಳು ಸತ್ತಿಲ್ಲ, ಎಲ್ಲ ಥ್ರೆಡ್‌ಗಳೂ ಕಾಯುತ್ತಾ ನಿಂತಿವೆ.

ಕೊನೆಗೆ ಥ್ರೆಡ್ ಡಂಪ್ ಹಿಡಿದು ಹುಡುಕಿದಾಗ ಸಿಕ್ಕಿದ್ದು ಜಾವಾದ ಒಂದು ಫೈನಲಿ ಬ್ಲಾಕ್. ಕೋಡ್ ಬರೆದವರು ಅಜಾಗರೂಕರಲ್ಲ. ಮೊದಲು ಸ್ಟೇಟ್‌ಮೆಂಟ್ ಮುಚ್ಚಿ, ಆಮೇಲೆ ಕನೆಕ್ಷನ್ ಮುಚ್ಚಿ ಅಂತ ಶಿಸ್ತಾಗಿ ಬರೆದಿದ್ದರು. ಆದರೆ ಫೇಲ್‌ಓವರ್ ಆದಮೇಲೆ ಪೂಲ್‌ನಲ್ಲಿದ್ದ ಹಳೇ ಕನೆಕ್ಷನ್‌ಗಳು ಕೆಲಸಕ್ಕೆ ಬಾರದವಾಗಿದ್ದವು. ಅವುಗಳ ಮೇಲೆ ಸ್ಟೇಟ್‌ಮೆಂಟ್ ಮುಚ್ಚೋ ಕಾಲೇ ಎಕ್ಸೆಪ್ಷನ್ ಎಸೆಯಿತು. ಕೆಳಗಿನ ಸಾಲು ಓಡಲೇ ಇಲ್ಲ, ಕನೆಕ್ಷನ್ ಪೂಲ್‌ಗೆ ವಾಪಸ್ ಹೋಗಲಿಲ್ಲ. ಹೀಗೆ ಒಂದೊಂದಾಗಿ ಪೂಲ್ ಬರಿದಾಯ್ತು. ಆಮೇಲೆ ಬಂದ ಪ್ರತಿ ಥ್ರೆಡ್ಡೂ ಸಿಗದ ಕನೆಕ್ಷನ್‌ಗೆ ಕಾಯುತ್ತಾ ನಿಂತಿತು. ಮುಚ್ಚೋ ಕೆಲಸವೂ ಸೋಲಬಹುದು ಅನ್ನೋದು ಆ ಕೋಡ್‌ನ ಲೆಕ್ಕದಲ್ಲಿ ಇರಲಿಲ್ಲ.

ಇದು ಯಾರೋ ಒಬ್ಬರ ಕೈಚಳಕದ ಕೊರತೆ ಅಲ್ಲ. ಜಾವಾ ಲೈಬ್ರರಿಗಳನ್ನ ಕಟ್ಟಿದವರಲ್ಲೊಬ್ಬರಾದ ಜೋಶುವಾ ಬ್ಲಾಕ್ ತಮ್ಮ "ಎಫೆಕ್ಟಿವ್ ಜಾವಾ"ದಲ್ಲಿ ಬರೆಯೋ ಪ್ರಕಾರ, 2007ರಲ್ಲಿ ಜಾವಾದ ಸ್ವಂತ ಲೈಬ್ರರಿಗಳಲ್ಲೇ ಕ್ಲೋಸ್ ಬಳಸಿದ ಕಡೆಗಳಲ್ಲಿ ಮೂರನೇ ಎರಡು ಭಾಗ ತಪ್ಪಾಗಿತ್ತು. ತಮ್ಮದೇ ಇನ್ನೊಂದು ಪುಸ್ತಕದಲ್ಲೂ ತಪ್ಪಿತ್ತು, ವರ್ಷಗಟ್ಟಲೆ ಯಾರೂ ಗಮನಿಸಲಿಲ್ಲ ಅಂತಾನೂ ಹೇಳ್ತಾರೆ. ಅಂಥವರಿಗೇ ತಪ್ಪಿದ ಮೇಲೆ ಬೈಯಬೇಕಾದ್ದು ಮನುಷ್ಯರನ್ನಲ್ಲ, ಭಾಷೆಯನ್ನ. 2006ರಲ್ಲಿ ಪೈಥಾನ್ 2.5ಗೆ ವಿತ್ ಬಂತು, 2011ರಲ್ಲಿ ಜಾವಾ 7ಗೆ ಟ್ರೈ-ವಿತ್-ರಿಸೋರ್ಸಸ್ ಬಂತು. ಗಾರ್ಬೇಜ್ ಕಲೆಕ್ಟರ್ ನೋಡ್ಕೊಳ್ಳುತ್ತೆ ಅನ್ನೋ ಹಳೇ ನಂಬಿಕೆಯೂ ಹೋಯ್ತು. 2017ರ ಜಾವಾ 9ರಲ್ಲಿ ಫೈನಲೈಜ್ ಅನ್ನೋ ಮೆಥಡ್ಡನ್ನ ಬಳಸಬೇಡಿ ಅಂತಲೇ ಗುರುತು ಹಾಕಿದರು. ಕಲೆಕ್ಟರ್ ಓಡೋದು ಮೆಮೊರಿ ಕಮ್ಮಿ ಆದಾಗ. ಡಿಸ್ಕ್ರಿಪ್ಟರ್ ಕಮ್ಮಿ ಆದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಎದುರಿನವರು ಮಾಯವಾದರೆ

ಇಲ್ಲಿತನಕ ಹೇಳಿದ್ದು ಎದುರಿನವರು ಹೇಳಿ ಹೋದ ಕತೆ. ಹೇಳದೇ ಹೋದರೆ? ಕ್ಲೈಂಟ್ ಮೆಷಿನ್ ಆಫ್ ಆಯ್ತು, ಅಥವಾ ನಡುವಿನ ಫೈರ್‌ವಾಲ್ ಕನೆಕ್ಷನ್ ಮರೆತುಬಿಟ್ಟಿತು. ಫಿನ್ ಬರೋದೇ ಇಲ್ಲ. ನಿಮ್ಮ ಕಡೆ ಅದು ಎಸ್ಟಾಬ್ಲಿಷ್ಡ್ ಅಂತಲೇ ಕೂತಿರುತ್ತೆ. 1989ರ ಆರ್‌ಎಫ್‌ಸಿ 1122 ಇದಕ್ಕೆ ಕೀಪ್‌ಅಲೈವ್‌ಗೆ ಒಪ್ಪಿಗೆ ಕೊಟ್ಟಿತು. ಆದರೆ ಡೀಫಾಲ್ಟ್ ಆಗಿ ಆಫ್ ಇರಬೇಕು, ಆನ್ ಮಾಡಿದರೂ ಎರಡು ಗಂಟೆಗೆ ಕಮ್ಮಿ ಡೀಫಾಲ್ಟ್ ಇರಬಾರದು ಅಂದಿತು. ಲಿನಕ್ಸ್‌ನಲ್ಲಿ ಇವತ್ತೂ 7200 ಸೆಕೆಂಡ್, ಆಮೇಲೆ 75 ಸೆಕೆಂಡಿಗೊಂದರಂತೆ 9 ಪ್ರಯತ್ನ. ಸತ್ತ ಕನೆಕ್ಷನ್ ಸತ್ತಿದೆ ಅಂತ ಗೊತ್ತಾಗೋಕೆ ಒಟ್ಟು 2 ಗಂಟೆ 11 ನಿಮಿಷ. ಅದೇ ಎಡಬ್ಲ್ಯೂಎಸ್‌ನ ನ್ಯಾಟ್ ಗೇಟ್‌ವೇ ಸುಮ್ಮನಿರೋ ಕನೆಕ್ಷನ್ನನ್ನ 350 ಸೆಕೆಂಡಿಗೇ ಮರೆತುಬಿಡುತ್ತೆ. 1989ರ ಸಂಖ್ಯೆಗೂ ಇವತ್ತಿನ ಕ್ಲೌಡ್‌ಗೂ ನಡುವೆ ಇರೋ ಈ ಸಂದಿಯಲ್ಲೇ ಎಷ್ಟೋ ಲೀಕ್‌ಗಳು ವಾಸ ಮಾಡ್ತವೆ.

ಇನ್ನೊಂದು ಜಾಗ ಫೋರ್ಕ್. ಪೇರೆಂಟ್ ಪ್ರೋಗ್ರಾಂ ಸಾಕೆಟ್ ಮುಚ್ಚಿದರೂ, ಅದು ಹುಟ್ಟಿಸಿದ ಚೈಲ್ಡ್ ಪ್ರೋಗ್ರಾಂ ಹತ್ತಿರ ಒಂದು ನಕಲು ಇದ್ದರೆ ಫಿನ್ ಹೋಗೋದೇ ಇಲ್ಲ. ಇದನ್ನ ರೇಸ್ ಇಲ್ಲದೆ ತಡೆಯೋ ಫ್ಲ್ಯಾಗ್‌ಗಳು ಲಿನಕ್ಸ್‌ಗೆ 2007, 2008ರಲ್ಲಿ ಬಂದವು. 2014ರಲ್ಲಿ ಪೈಥಾನ್ 3.4, ಡಿಸ್ಕ್ರಿಪ್ಟರ್‌ಗಳು ಚೈಲ್ಡ್‌ಗೆ ಹೋಗದಿರೋದನ್ನೇ ಡೀಫಾಲ್ಟ್ ಮಾಡಿತು. ಎಲ್‌ಸಾಫ್‌ನಲ್ಲಿ ಒಂದೇ ಸಾಕೆಟ್ ಎರಡು ಪ್ರೋಗ್ರಾಂಗಳ ಹೆಸರಿನಲ್ಲಿ ಕಂಡರೆ ಅನುಮಾನ ಈ ಕಡೆ ಇರಲಿ.

ಹಾಗಾದರೆ ಹುಡುಕೋದು ಹೇಗೆ

ಈ ಇತಿಹಾಸದಿಂದಲೇ ಒಂದು ಕ್ರಮ ಹೊರಡುತ್ತೆ. ಮೊದಲು, ರೀಸ್ಟಾರ್ಟ್ ಮಾಡೋ ಮುಂಚೆ ಎರಡು ನಿಮಿಷ ತಗೊಳ್ಳಿ: ಎಸ್‌ಎಸ್ ಪಟ್ಟಿ, ಎಲ್‌ಸಾಫ್ ಪಟ್ಟಿ, ಥ್ರೆಡ್ ಡಂಪ್. ರೀಸ್ಟಾರ್ಟ್ ಆದಮೇಲೆ ಸಾಕ್ಷಿ ಇರಲ್ಲ. ಎರಡನೇದು, ಸ್ಥಿತಿವಾರು ಎಣಿಸಿ. ಕ್ಲೋಸ್-ವೇಟ್ ಆದರೆ ನಿಮ್ಮ ಕೋಡ್, ಹಳೇ ಎಸ್ಟಾಬ್ಲಿಷ್ಡ್ ಆದರೆ ಟೈಮ್‌ಔಟ್ ಇಲ್ಲದ ರೀಡ್ ಅಥವಾ ನಡುವಿನ ಪೆಟ್ಟಿಗೆ. ಮೂರನೇದು, ಎದುರಿನ ವಿಳಾಸದ ಪ್ರಕಾರ ಗುಂಪು ಮಾಡಿ. ಎಲ್ಲ ಒಂದೇ ಪೋರ್ಟ್‌ಗೆ ಹೋಗ್ತಿದ್ದರೆ ಯಾವ ಕ್ಲೈಂಟ್ ಲೈಬ್ರರಿ ಅಂತ ಅಲ್ಲಿಗೇ ಗೊತ್ತಾಯ್ತು. ನಾಲ್ಕನೇದು, ಲೀಕ್ ಸಂಖ್ಯೆಯನ್ನ ಎರರ್ ಸಂಖ್ಯೆಯ ಗ್ರಾಫ್ ಪಕ್ಕ ಇಡಿ. ಎರಡೂ ಒಟ್ಟಿಗೆ ಏರಿದರೆ ಏರ್‌ಲೈನ್‌ನ ಕತೆ ನೆನಪಿರಲಿ: ಯಶಸ್ಸಿನ ದಾರಿಯನ್ನ ಎಲ್ಲರೂ ಟೆಸ್ಟ್ ಮಾಡ್ತಾರೆ, ಸೋಲಿನ ದಾರಿಯಲ್ಲೇ ಟೋಕನ್ ಕಳೆಯೋದು. ಐದನೇದು, ಟೆಸ್ಟ್ ಮೆಷಿನ್‌ನಲ್ಲಿ ಲಿಮಿಟ್ ಬೇಕಂತಲೇ 64ಕ್ಕೋ 128ಕ್ಕೋ ಇಳಿಸಿ, ಎರರ್‌ಗಳನ್ನ ನೀವೇ ಹುಟ್ಟಿಸಿ. ಒಂದು ವರ್ಷದ ಲೀಕ್ ಅರ್ಧ ಗಂಟೆಯಲ್ಲಿ ಎದ್ದು ಬರುತ್ತೆ.

ರೀಸ್ಟಾರ್ಟ್ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಪಾಚೆ ಸರ್ವರ್‌ನಲ್ಲಿ ಇಷ್ಟು ರಿಕ್ವೆಸ್ಟ್ ಆದಮೇಲೆ ಚೈಲ್ಡ್ ಪ್ರೋಗ್ರಾಂ ಸಾಯಲಿ ಅಂತ ಹೇಳೋ ಸೆಟ್ಟಿಂಗ್ ಬಹಳ ಹಳೇದು, ಆಕಸ್ಮಿಕ ಮೆಮೊರಿ ಲೀಕ್‌ಗಾಗಿಯೇ ಅದು ಇರೋದು. ಬೆಂಕಿ ಆರಿಸೋಕೆ ರೀಸ್ಟಾರ್ಟ್ ಬೇಕು. ಆದರೆ ದಿನಾ ರಾತ್ರಿ ಕ್ರಾನ್ ಹಾಕಿ ರೀಸ್ಟಾರ್ಟ್ ಮಾಡೋದು ಪರಿಹಾರ ಅಂತ ಯಾರಾದರೂ ಮೀಟಿಂಗಿನಲ್ಲಿ ಹೇಳಿದರೆ, ಆ ರಾತ್ರಿಗಳು ಯಾರವು ಅಂತ ಕೇಳಿ. ಸಾಮಾನ್ಯವಾಗಿ ಅವು ಟೀಮಿನಲ್ಲಿ ಹೊಸದಾಗಿ ಸೇರಿದ, ಊರಿಂದ ದೂರ ಪಿಜಿಯಲ್ಲಿರೋ ಹುಡುಗನದ್ದೋ ಹುಡುಗಿಯದ್ದೋ ಆಗಿರುತ್ತವೆ. ಕೋಡ್ ರಿವ್ಯೂನಲ್ಲಿ ನಾವು ಬಿಟ್ಟ ಒಂದು ಸಾಲಿಗೆ ಅವರು ನಿದ್ದೆ ಕೊಡ್ತಾರೆ.

1981ರಲ್ಲಿ ಎಳೆದ ಆ ಗೆರೆಯನ್ನ ಕರ್ನಲ್, ಗಾರ್ಬೇಜ್ ಕಲೆಕ್ಟರ್, ಕನೆಕ್ಷನ್ ಪೂಲ್, ಹೊಸ ಭಾಷೆ, ಕಂಟೇನರ್ ಯಾವುದೂ ಪೂರ್ತಿ ಅಳಿಸಿಲ್ಲ. ತೆರೆದವರೇ ಮುಚ್ಚಬೇಕು. ಮುಂದಿನ ಸಲ ರಿವ್ಯೂಗೆ ಬಂದ ಕೋಡ್‌ನಲ್ಲಿ ಕನೆಕ್ಟ್ ಕಂಡಾಗ, ಎಕ್ಸೆಪ್ಷನ್ ಬಂದರೆ ಇದನ್ನ ಯಾರು ಮುಚ್ತಾರೆ ಅಂತ ಒಂದು ಕಾಮೆಂಟ್ ಹಾಕಿ, ಸಾಕು.

ನಿಮ್ಮ ಟೀಮಿನಲ್ಲಿ ಇಂಥ ಲೀಕ್ ಹಿಡಿದ ಬಗೆ ಇದ್ದರೆ ವಿಡಿಯೋ ಕೆಳಗೆ ಬರೀರಿ. ಕಂಪನಿ ಹೆಸರು ಬೇಡ, ಎಷ್ಟು ದಿನಕ್ಕೆ ಬಿತ್ತು, ಯಾವ ಸ್ಥಿತಿಯಲ್ಲಿತ್ತು ಅಷ್ಟು ಹೇಳಿದರೆ ಓದೋರಿಗೆ ಉಪಯೋಗ. ಮತ್ತೆ ಸಿಗೋಣ.